ಕಡಲ ಕಾವಲಿನ ಹಕ್ಕಿ

ವಿಶಾಖಪಟ್ಟಣದ ಕಡಲತೀರದ ರಸ್ತೆಯಲ್ಲಿ ಒಂದು ಅಪೂರ್ವ ನೋಟವಿದೆ. ಅಲೆಗಳ ಸಮೀಪದಲ್ಲಿ, ಮರಳಿನ ಮೇಲೆ, ‘ಕುರ್ಸುರಾ’ ಎಂಬ ಜಲಾಂತರ್ಗಾಮಿ ನೌಕೆ ವಿಶ್ರಮಿಸಿದೆ. ಅದರ ಎದುರಿಗೆ, ರಸ್ತೆಯ ಇನ್ನೊಂದು ಬದಿಯಲ್ಲಿ, ಟಿಯು-142 ಎಂಬ ಬೃಹದ್ವಿಮಾನ ಸುಮಾರು 50 ಮೀಟರ್ ಅಗಲಕ್ಕೆ ರೆಕ್ಕೆ ಚಾಚಿ ನಿಂತಿದೆ. ಕಡಲಾಳದಲ್ಲಿ ಅಡಗಲೆಂದು ಹುಟ್ಟಿದುದು ಒಂದು. ಅಡಗಿದುದನ್ನು ಹುಡುಕಲೆಂದು ಹುಟ್ಟಿದುದು ಇನ್ನೊಂದು. ಎರಡೂ ಈಗ ವಸ್ತುಸಂಗ್ರಹಾಲಯಗಳು.

ನಾನು ಅಲ್ಲಿಗೆ ಹೋದ ದಿನ ಬಾಲಕನೊಬ್ಬ, ಆ ವಿಮಾನ ಎಷ್ಟು ಯುದ್ಧಗಳನ್ನು ಗೆದ್ದಿದೆಯೆಂದು ತನ್ನ ತಂದೆಯನ್ನು ಕೇಳಿದ. ತಂದೆ ನಕ್ಕು ಸುಮ್ಮನಾದರು. ನನಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಈ ವಿಮಾನ ಭಾರತೀಯ ನೌಕಾಪಡೆಯ 312ನೆಯ ವಿಮಾನದಳಕ್ಕೆ ಸೇರಿದುದು. ದಣಿವಿಲ್ಲದೆ ಸಾಗರಗಳ ಮೇಲೆ ಹಾರುವ ಆಲ್ಬಟ್ರಾಸ್ ಹಕ್ಕಿಯ ಹೆಸರೇ ಈ ದಳದ ಹೆಸರು. 1976ರವರೆಗೆ ದೂರದ ಕಡಲಿನ ವೈಮಾನಿಕ ಕಾವಲು ವಾಯುಪಡೆಯ ಹೊಣೆಯಾಗಿತ್ತು. ಆ ವರ್ಷ ಅದು ನೌಕಾಪಡೆಗೆ ಬಂದಿತು. ಜೊತೆಯಲ್ಲಿ ಸೂಪರ್ ಕಾನ್‌ಸ್ಟೆಲೇಷನ್ ವಿಮಾನಗಳೂ ಬಂದುವು. ಹಿಂದೆ ಏರ್ ಇಂಡಿಯಾದ ಪ್ರಯಾಣಿಕರನ್ನು ಹೊತ್ತು ತಿರುಗಿದ್ದ ಅವು ಇಳಿವಯಸ್ಸಿನಲ್ಲಿ ಕಡಲ ಕಾವಲುಗಾರರಾದುವು. ಅವುಗಳ ಕಾಲ ಮುಗಿದ ಬಳಿಕ, 1988ರಲ್ಲಿ, ಸೋವಿಯತ್ ಒಕ್ಕೂಟದಿಂದ ಟಿಯು-142 ವಿಮಾನಗಳು ಗೋವೆಗೆ ಬಂದಿಳಿದುವು. 1992ರಲ್ಲಿ ಅವು ತಮಿಳುನಾಡಿನ ಅರಕ್ಕೋಣಂ ನೆಲೆಗೆ ಸಾಗಿದುವು.

ಅವುಗಳ ಕೆಲಸವಾದರೂ ಎಂತಹುದು? ನೀರಿನೊಳಗೆ ರೇಡಾರಿನ ಕಿರಣ ಹೋಗಲಾರದು. ಆದರೆ ಧ್ವನಿ ಬಹುದೂರ ಸಂಚರಿಸುತ್ತದೆ. ಆದುದರಿಂದ ವಿಮಾನದಿಂದ ‘ಸೋನೋಬಾಯ್’ ಎಂಬ ತೇಲುವ ಉಪಕರಣಗಳನ್ನು ಕಡಲಿಗೆ ಬೀಳಿಸುತ್ತಾರೆ. ಅವು ಕೆಳಗಿನ ಸದ್ದನ್ನು ಆಲಿಸಿ ರೇಡಿಯೋ ಮೂಲಕ ಮೇಲಕ್ಕೆ ತಿಳಿಸುತ್ತವೆ. ಎಂಜಿನ್ನುಗಳ ಭೋರ್ಗರೆತದ ನಡುವೆ ಕುಳಿತು, ಹಗಲಿರುಳೆನ್ನದೆ ಗಂಟೆಗಟ್ಟಲೆ, ಒಂದು ಸಣ್ಣ ಸದ್ದಿಗಾಗಿ ಕಿವಿಗೊಡುವುದು ತಪಸ್ಸಲ್ಲದೆ ಮತ್ತೇನು! ಎಷ್ಟೋ ಸಲ ಏನೂ ಕೇಳಿಸದು. ಏನೂ ಇಲ್ಲವೆಂದು ಖಚಿತಪಡಿಸಿ ಹಿಂದಿರುಗುವುದೇ ಆ ದಿನದ ಸಾಧನೆ.

2013ರಲ್ಲಿ ಪಿ-8ಐ ಎಂಬ ಜೆಟ್ ವಿಮಾನಗಳು ಅರಕ್ಕೋಣಂಗೆ ಬರತೊಡಗಿದುವು. ಮರುವರ್ಷವೇ, 239 ಜನರೊಡನೆ ಕಣ್ಮರೆಯಾದ ಮಲೇಷ್ಯಾದ ವಿಮಾನವನ್ನು ಹುಡುಕಲು ಅವೂ ಹೊರಟುವು. ಅನೇಕ ದೇಶಗಳು ಕೂಡಿ ಅರಸಿದರೂ ಆಗ ಏನೂ ದೊರೆಯಲಿಲ್ಲ. ಶತ್ರುವನ್ನು ಅರಸುವ ಕಣ್ಣು ಕಳೆದುಹೋದವರನ್ನೂ ಅರಸಿತ್ತು. ಟಿಯು-142 ವಿಮಾನಗಳು 29 ವರ್ಷ ಸೇವೆ ಸಲ್ಲಿಸಿ, 2017ರ ಮಾರ್ಚ್ 29ರಂದು ನಿವೃತ್ತಿ ಹೊಂದಿದುವು.

ಆ ಬಾಲಕನಿಗೆ ಇಂದು ನಾನು ಹೀಗೆ ಹೇಳಬಲ್ಲೆ: ಮಗು, ಯುದ್ಧವನ್ನು ಗೆದ್ದವರ ಹೆಸರನ್ನು ಚರಿತ್ರೆ ಬರೆದಿಡುತ್ತದೆ. ಎಚ್ಚರವಿದ್ದು ಅನಾಹುತವನ್ನು ತಡೆದವರ ಲೆಕ್ಕವನ್ನು ಇಟ್ಟವರಿಲ್ಲ. ನಡೆಯದೆ ಹೋದುದಕ್ಕೆ ಸಾಕ್ಷಿ ಎಲ್ಲಿಯದು? ಆದರೆ ನಾವು ನೆಮ್ಮದಿಯಿಂದ ನಿದ್ರಿಸಿದ ರಾತ್ರಿಗಳಲ್ಲಿ ಅವರ ಪಾಲೂ ಇದೆ.