ಹಾಸಿಗೆ ಹಿಡಿದವರನ್ನು ಎಬ್ಬಿಸಿದ ಡಾಕ್ಟರು

ವಯಸ್ಸಾದವರು ಕಾಯಿಲೆ ಬಿದ್ದು ಮತ್ತೆ ಏಳದಿದ್ದರೆ 'ಹಾಸಿಗೆ ಹಿಡಿದರು' ಎನ್ನುವುದು ಕನ್ನಡದ ರೂಢಿ. ಲಂಡನ್ನಿನ ಪಶ್ಚಿಮಕ್ಕಿರುವ ಐಸಲ್‌ವರ್ತ್‌ನಲ್ಲಿ 1935ರಲ್ಲಿ ಡಾ. ಮಾರ್ಜರಿ ವಾರನ್ ಕಂಡದ್ದು ಇದರ ತಿರುವುಮುರುವು. ಅಲ್ಲಿ ಹಾಸಿಗೆಯೇ ಜನರನ್ನು ಹಿಡಿದು ಕೂತಿತ್ತು.

ವಾರನ್ ಹುಟ್ಟಿದ್ದು 1897ರಲ್ಲಿ. ಅವರಿಗೆ ಒಲವಿದ್ದದ್ದು ಶಸ್ತ್ರಚಿಕಿತ್ಸೆಯ ಕಡೆಗೆ. ಮುದುಕರ ಚಿಕಿತ್ಸೆ ಎಂಬ ವಿಭಾಗ ಆಗ ಇಂಗ್ಲೆಂಡಿನಲ್ಲಿ ಇರಲೇ ಇಲ್ಲ. ಅವರು ಕೆಲಸ ಮಾಡುತ್ತಿದ್ದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ, ಪಕ್ಕದಲ್ಲೇ ಇದ್ದ ಹಳೆಯ ದರಿದ್ರಾಲಯದ ರೋಗಿಗಳ ಕಟ್ಟಡ ಸೇರಿಕೊಂಡಿತು. ಅದರಲ್ಲಿ 714 ಹಾಸಿಗೆಗಳು. ಅವುಗಳ ಹೊಣೆ ಬಿದ್ದದ್ದು ಈ ಡಾಕ್ಟರ ಹೆಗಲಿಗೆ.

ಲಕ್ವ ಹೊಡೆದವರು, ಸೊಂಟದ ಮೂಳೆ ಮುರಿದವರು, ಕೀಲುವಾತದವರು, ಅರಳುಮರಳಾದವರು ಎಲ್ಲರೂ ಅಲ್ಲಿ ಒಟ್ಟೊಟ್ಟಿಗೇ ಮಲಗಿದ್ದರು. ಯಾರಿಗೆ ಯಾವ ಕಾಯಿಲೆ ಎಂದು ಸರಿಯಾಗಿ ಪರೀಕ್ಷಿಸಿ ನೋಡಿದವರೇ ಇರಲಿಲ್ಲ. ಊಟ ಸಿಗುತ್ತಿತ್ತು, ಮೈ ಒರೆಸುತ್ತಿದ್ದರು, ಹೊದಿಕೆ ಬದಲಾಯಿಸುತ್ತಿದ್ದರು. ಇದರಲ್ಲಿ ದಾದಿಯರ ತಪ್ಪು ಹುಡುಕುವುದು ನ್ಯಾಯವಲ್ಲ. 'ಈ ರೋಗಿ ಎದ್ದು ಕೂರಬಲ್ಲರು, ನಾಳೆಯಿಂದ ಕೂರಿಸಿ' ಎಂದು ಹೇಳಬೇಕಾದ ವೈದ್ಯರೇ ಅತ್ತ ಸುಳಿಯದಿದ್ದರೆ ದಾದಿ ತಾನೇ ಏನು ಮಾಡಿಯಾಳು?

ಮಲಗಿದ್ದರೆ ಆಯಾಸ ಕಳೆಯುತ್ತದೆ, ಅದರಿಂದ ಕೆಡುಕೇನು ಎಂದು ವಿದ್ಯಾರ್ಥಿಗಳು ಕೇಳಬಹುದು. ಕೈ ಮುರಿದುಕೊಂಡ ಗೆಳೆಯನ ಪ್ಲಾಸ್ಟರ್ ಬಿಚ್ಚಿದಾಗ ಆ ಕೈಯನ್ನು ಗಮನಿಸಿದ್ದೀರಾ? ಇನ್ನೊಂದು ಕೈಗಿಂತ ಸೊರಗಿರುತ್ತದೆ. ಕೆಲಸವಿಲ್ಲದ ಸ್ನಾಯುವನ್ನು ಶರೀರ ಸುಮ್ಮನೆ ಸಾಕುವುದಿಲ್ಲ. ಆರೇ ವಾರದಲ್ಲಿ ಹುಡುಗನ ತೋಳಿಗೆ ಹೀಗಾದರೆ, ವರ್ಷಗಟ್ಟಲೆ ಮಲಗಿದ ಎಪ್ಪತ್ತರ ಅಜ್ಜಿಯ ಕಾಲುಗಳ ಗತಿ ಏನು? ಭಾರ ಹೊರದ ಮೂಳೆ ಕ್ಯಾಲ್ಸಿಯಂ ಕಳೆದುಕೊಳ್ಳುತ್ತದೆ. ಮಡಿಸಿದ ಮೊಣಕಾಲು ಮಡಿಸಿದ ಹಾಗೆಯೇ ಬಿಗಿದುಕೊಳ್ಳುತ್ತದೆ. ಶ್ವಾಸಕೋಶದ ತಳದಲ್ಲಿ ಕಫ ಕಟ್ಟುತ್ತದೆ. ಮೈಯ ಭಾರ ಒಂದೇ ಕಡೆ ಒತ್ತಿದಾಗ ಅಲ್ಲಿನ ಲೋಮನಾಳಗಳಲ್ಲಿ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಬೆನ್ನುಹುಣ್ಣು ಆಗುವುದು ಹೀಗೆ. ಮಗ್ಗುಲು ಬದಲಾಯಿಸಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆಯಾದರೂ ಹೊರಳಿಸಬೇಕು ಎಂಬ ರೂಢಿ ಬೆಳೆದು ಬಂದದ್ದು ಇದೇ ಕಾರಣಕ್ಕೆ. ಕೊನೆಗೆ, ಮೊದಲು ಬಂದ ಕಾಯಿಲೆ ವಾಸಿಯಾಗಿದ್ದರೂ ಮಲಗಿದ್ದರಿಂದ ಹುಟ್ಟಿದ ಕಾಯಿಲೆಯೇ ರೋಗಿಯನ್ನು ಕಟ್ಟಿಹಾಕುತ್ತದೆ. ಮನೆಯಲ್ಲಿ ಹಿರಿಯರಿಗೆ ಪ್ರೀತಿಯಿಂದಲೇ 'ನೀವು ಏಳಬೇಡಿ, ಮಲಗಿಯೇ ಇರಿ' ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ವಾರನ್ ಮಾಡಿದ ಮೊದಲ ಕೆಲಸ ಕೇಳಲು ತೀರ ಸರಳ. ಒಬ್ಬೊಬ್ಬ ರೋಗಿಯನ್ನೂ ಪರೀಕ್ಷಿಸಿದರು. ಆಮೇಲೆ ವಿಂಗಡಿಸಿದರು: ಎದ್ದು ಓಡಾಡಬಲ್ಲವರು, ಮಲಗಿದ್ದರೂ ಮಲಮೂತ್ರದ ಹಿಡಿತ ಇರುವವರು, ಆ ಹಿಡಿತ ತಪ್ಪಿದವರು, ಮರೆವು ಬಂದಿದ್ದರೂ ಶಾಂತವಾಗಿರುವವರು, ಬುದ್ಧಿ ಪೂರ್ತಿ ಕದಡಿದವರು. ಈ ಐದು ಗುಂಪುಗಳ ವಿಚಾರವನ್ನು 1946ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವರೇ ಬರೆದರು. ಒಬ್ಬೊಬ್ಬರಿಗೂ ತಕ್ಕ ವ್ಯಾಯಾಮ ಗೊತ್ತುಮಾಡಿ, ಅದನ್ನು ದಾದಿಯರಿಗೂ ಅಂಗಸಾಧನೆ ಮಾಡಿಸುವವರಿಗೂ ವಿವರಿಸಿ ಒಪ್ಪಿಸಿದರು. ಮಂಕು ಹಿಡಿದಿದ್ದ ವಾರ್ಡುಗಳಿಗೆ ತಿಳಿಬಣ್ಣ ಬಂತು, ಬೆಳಕು ಬಂತು. ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದು, ಕುರ್ಚಿಗೆ ದಾಟುವುದು, ಹಿಡಿದು ನಿಲ್ಲುವುದು, ನಾಲ್ಕು ಹೆಜ್ಜೆ ಇಡುವುದು. ಲಕ್ವ ಹೊಡೆದವರಿಗೆ ಇದು ತಿಂಗಳುಗಳ ದುಡಿಮೆ. ಮಗುವಿಗೆ ನಡೆಯಲು ಕಲಿಸಿದ ತಾಯಂದಿರಿಗೆ ಈ ತಾಳ್ಮೆ ಅರ್ಥವಾದೀತು.

ಫಲವೇನು? ಅನೇಕರು ಎದ್ದರು, ಎಷ್ಟೋ ಮಂದಿ ಮನೆಗೇ ಹೋದರು. 714 ಇದ್ದ ಹಾಸಿಗೆಗಳು 240ಕ್ಕೆ ಇಳಿದವು.

ವಾರನ್ ಇಷ್ಟಕ್ಕೇ ತೃಪ್ತರಾಗಲಿಲ್ಲ. ಬಹುಕಾಲದ ರೋಗಿಗಳನ್ನು ಊರಾಚೆ ಬೇರೆ ಇಡಬಾರದು, ದೊಡ್ಡ ಆಸ್ಪತ್ರೆಯ ಒಳಗೇ ಅವರಿಗೆ ವಿಭಾಗವಿರಬೇಕು, ವೈದ್ಯಕೀಯ ವಿದ್ಯಾರ್ಥಿಗಳು ಅಲ್ಲಿ ಕಲಿಯಬೇಕು ಎಂದು 1943ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ವಾದಿಸಿದರು. ಈ ಕೆಲಸದಲ್ಲಿ ಹೆಸರಿಲ್ಲ, ದುಡ್ಡಿಲ್ಲ ಎಂದು ಡಾಕ್ಟರುಗಳು ದೂರ ಸರಿಯುತ್ತಿದ್ದ ಕಾಲ ಅದು. 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲೆ ವೃದ್ಧರ ಚಿಕಿತ್ಸೆಗೆಂದೇ ತಜ್ಞರ ಹುದ್ದೆಗಳು ಬಂದವು. 1960ರಲ್ಲಿ ವಾರನ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಅಮೆರಿಕದಲ್ಲಿ ವೃದ್ಧರ ಶುಶ್ರೂಷೆಗೆ 'ನರ್ಸಿಂಗ್ ಹೋಮ್'ಗಳಿವೆ. ಹೆಸರು ಒಂದೇ ಆದರೂ ಅವು ಇಲ್ಲಿನ ಹೆರಿಗೆಯ ನರ್ಸಿಂಗ್ ಹೋಮ್‌ಗಳಂತಲ್ಲ. ಸರ್ಕಾರದ ಹಣ ಪಡೆಯುವ ಕೇಂದ್ರಗಳಲ್ಲಿ, ರೋಗಿ ಸೇರಿದ ಮೊದಲ ತೊಂಬತ್ತು ದಿನ ಡಾಕ್ಟರು ಮೂವತ್ತು ದಿನಕ್ಕೊಮ್ಮೆ, ಆಮೇಲೆ ಅರವತ್ತು ದಿನಕ್ಕೊಮ್ಮೆಯಾದರೂ ನೋಡಬೇಕೆಂಬುದು ನಿಯಮ. ಅರವತ್ತು ದಿನವೆಂದರೆ ಎರಡು ತಿಂಗಳು! ನಡುವಿನ ದಿನಗಳೆಲ್ಲ ದಾದಿಯರವು, ಆಯಾಗಳವು. ಅದಕ್ಕೇ ಇಡೀ ಕೇಂದ್ರದ ಆರೈಕೆಗೆ ಹೊಣೆಯಾಗುವ ವೈದ್ಯಕೀಯ ನಿರ್ದೇಶಕರೊಬ್ಬರು ಇರಲೇಬೇಕೆಂದು 1974ರಿಂದ ನಿಯಮಗಳು ಬಂದವು. ಕಾಗದದ ಮೇಲೆ ರುಜು ಹಾಕಿ ಹೋಗುವ ನಿರ್ದೇಶಕರೂ ಇರಬಹುದು. ಆದರೆ ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಎಂಬ ಸಣ್ಣ ಊರಿನ ಚೇಸ್ ಮೆಮೋರಿಯಲ್ ಕೇಂದ್ರಕ್ಕೆ ಆ ಹುದ್ದೆಯಲ್ಲಿ ಬಂದ ಯುವಕ ಡಾ. ಬಿಲ್ ಥಾಮಸ್ ಅಂಥವರಲ್ಲ. ಅಲ್ಲಿದ್ದ 80 ಜನರ ನಿಜವಾದ ಕಾಯಿಲೆ ಬೇಸರ, ಒಂಟಿತನ ಮತ್ತು ಅಸಹಾಯಕತೆ ಎಂದು ಅವರಿಗೆ ತೋರಿತು. 1990ರ ದಶಕದ ಆರಂಭದಲ್ಲಿ ಎರಡು ನಾಯಿ, ನಾಲ್ಕು ಬೆಕ್ಕು, ನೂರು ಪುಟ್ಟ ಗಿಳಿಗಳನ್ನು ಅವರು ಒಳಗೆ ತರಿಸಿದರು. ಪಂಜರಗಳು ಬರುವ ಮೊದಲೇ ಗಿಳಿಗಳು ಬಂದಿಳಿದು ಕೋಣೆಯೊಂದರ ತುಂಬ ಹಾರಾಡಿದ ಕಥೆಯನ್ನು ಡಾ. ಅತುಲ್ ಗವಾಂಡೆ 2014ರ 'ಬೀಯಿಂಗ್ ಮಾರ್ಟಲ್' ಪುಸ್ತಕದಲ್ಲಿ ಬರೆದಿದ್ದಾರೆ.

ಎರಡು ವರ್ಷ ಇನ್ನೊಂದು ಕೇಂದ್ರದೊಡನೆ ಹೋಲಿಸಿ ನೋಡಿದಾಗ, ಇಲ್ಲಿನವರಿಗೆ ಬರೆದುಕೊಡುತ್ತಿದ್ದ ಔಷಧಿಗಳು ಅಲ್ಲಿಯದರ ಅರ್ಧಕ್ಕೆ ಇಳಿದಿದ್ದವು. ಸಾವುಗಳು ಶೇ. 15ರಷ್ಟು ಕಡಿಮೆಯಾದವು. ಹೋಲಿಸಿದ್ದು ಎರಡೇ ಕೇಂದ್ರಗಳನ್ನು, ಆದ್ದರಿಂದ ವಿಜ್ಞಾನದ ವಿದ್ಯಾರ್ಥಿ ಈ ಅಂಕಿಗಳನ್ನು ಎಚ್ಚರದಿಂದಲೇ ಓದಬೇಕು. ಆದರೂ ಒಂದು ಸಂಗತಿಗೆ ಅಂಕಿಅಂಶ ಬೇಕಿಲ್ಲ. ನಡೆದಾಡುವುದನ್ನೇ ಬಿಟ್ಟು ಮೂಲೆ ಹಿಡಿದಿದ್ದ ಕೆಲವರು ತಾವಾಗಿ ದಾದಿಯರ ಮೇಜಿನ ಬಳಿ ಬಂದು, ನಾಯಿಯನ್ನು ತಿರುಗಾಡಿಸಿಕೊಂಡು ಬರುತ್ತೇವೆ ಎನ್ನತೊಡಗಿದ್ದರು.