ಬೋರ್ಡ್ ಸತ್ತಿರಲಿಲ್ಲ

ಬೆಳಿಗ್ಗೆ ಒಂಬತ್ತೂವರೆಗೆ ಪ್ರಾಜೆಕ್ಟ್ ರಿವ್ಯೂ. ಹಿಂದಿನ ರಾತ್ರಿ ಹನ್ನೊಂದಕ್ಕೆ ನಮ್ಮ ರಾಸ್ಪ್‌ಬೆರಿ ಪೈ 3 ಮಾತು ನಿಲ್ಲಿಸಿತು. ಕೆಂಪು ಲೈಟು ಉರೀತಿದೆ, ವೈಫೈನಲ್ಲಿ ಮಾತ್ರ ಅದರ ಸುಳಿವೇ ಇಲ್ಲ. ಲ್ಯಾಬಿಗೆ ಬೀಗ, ಹಾಸ್ಟೆಲ್‌ನಲ್ಲಿ ಮಾನಿಟರ್ ಎಲ್ಲಿಂದ ತರೋದು?

ನಾವು ನಾಲ್ಕು ಜನ. ಮೂವರು ಸೇರಿ ನಾಲ್ಕನೆಯವನ ಮೇಲೆ ಬಿದ್ದೆವು. ಸಂಜೆ ಸೆನ್ಸರ್ ವೈರ್ ಹಾಕಿದ್ದು ಅವನೇ. "5 ವೋಲ್ಟ್ ಕೊಟ್ಟು ಸುಟ್ಟುಬಿಟ್ಯಲ್ಲೋ!" ಪೈನ ಜಿಪಿಐಒ ಪಿನ್ನುಗಳು ತಡೆಯೋದು 3.3 ವೋಲ್ಟ್ ಮಾತ್ರ, ಹಾಗಾಗಿ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಅವನು "ಇಲ್ಲ ಕಣ್ರೋ" ಅಂದ. ನಾವು ಬಿಡಲಿಲ್ಲ. ಕೊನೆಗೆ "ಬೋರ್ಡಿನ ದುಡ್ಡು ನಾನೇ ಕೊಡ್ತೀನಿ ಬಿಡಿ" ಅಂದವನೇ ಬ್ಯಾಗಿನಿಂದ ಒಂದು ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ತೆಗೆದ. "ಸುಟ್ಟಿದೆಯೋ ಇಲ್ವೋ, ಅದೇ ಹೇಳ್ಲಿ."

ಎಸ್‌ಡಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಕಾನ್ಫಿಗ್ ಫೈಲಿನಲ್ಲಿ ಯುಆರ್ಟ್ ಆನ್ ಮಾಡಿದೆವು. 6ನೇ ಪಿನ್ ಗ್ರೌಂಡ್, 8ನೆಯದು ಪೈ ಮಾತಾಡೋದು, 10ನೆಯದು ಕೇಳೋದು. ಪೈನ ಬಾಯಿ ಅಡಾಪ್ಟರಿನ ಕಿವಿಗೆ, ಅಡಾಪ್ಟರಿನ ಬಾಯಿ ಪೈನ ಕಿವಿಗೆ. ಅಡಾಪ್ಟರಿನ ಕೆಂಪು ವೈರನ್ನು ಅವನು ಮುಟ್ಟಲೇ ಇಲ್ಲ. ಇಷ್ಟು ಹುಷಾರಿನವನು ಸಂಜೆ ಬೋರ್ಡ್ ಸುಟ್ಟಿರ್ತಾನಾ ಅಂತ ಆಗಲೇ ಹೊಳೆಯಬೇಕಿತ್ತು.

ಆದರೆ ಲ್ಯಾಪ್‌ಟಾಪಿನಲ್ಲಿ ಪೋರ್ಟೇ ಇಲ್ಲ! ಕರ್ನಲ್ ಲಾಗ್ ನೋಡಿದರೆ, ಅಡಾಪ್ಟರ್ ಟಿಟಿವೈಯುಎಸ್‌ಬಿ0 ಆಗಿ ಬಂತು ಅಂತ ಒಂದು ಸಾಲು, ಮರುಕ್ಷಣವೇ ಹೋಯ್ತು ಅಂತ ಇನ್ನೊಂದು. ನಡುವೆ ಬಿಆರ್‌ಎಲ್‌ಟಿಟಿವೈ ಅನ್ನೋ ಹೆಸರು. ಅಂಧರು ಬಳಸುವ ಬ್ರೈಲ್ ಡಿಸ್‌ಪ್ಲೇಗಳನ್ನು ನಡೆಸುವ ಪ್ರೋಗ್ರಾಂ ಅದು. ಅಂಥ ಒಂದು ಡಿಸ್‌ಪ್ಲೇಯ ಯುಎಸ್‌ಬಿ ಐಡಿಯೂ ನಮ್ಮ ಅಡಾಪ್ಟರಿನ ಸಿಎಚ್340 ಚಿಪ್ಪಿನ ಐಡಿಯೂ ಒಂದೇ ಆದ್ದರಿಂದ, ಉಬುಂಟು 22.04ರಲ್ಲಿ ಅದು ಇದನ್ನೂ ತನ್ನದೇ ಅಂದುಕೊಂಡು ಕಿತ್ತುಕೊಳ್ಳುತ್ತೆ. ನಮ್ಮಲ್ಲಿ ಬ್ರೈಲ್ ಬಳಸುವವರಿಲ್ಲ, ತೆಗೆದುಹಾಕಿದೆವು. (ಬಳಸುವವರ ಮೆಷಿನ್‌ನಲ್ಲಿ ಈ ಕೆಲಸ ಮಾಡಬೇಡಿ.)

ಪೋರ್ಟ್ ನಿಂತಿತು. ಈಗ ಪರ್ಮಿಷನ್ ಇಲ್ಲವಂತೆ. ಡಯಲ್‌ಔಟ್ ಗುಂಪಿಗೆ ಯೂಸರನ್ನು ಸೇರಿಸಿ, ಲಾಗ್‌ಔಟ್ ಆಗಿ ಬಂದೆವು. ಸ್ಕ್ರೀನ್ ಕಮಾಂಡ್ ಕೊಟ್ಟು ಪೈಗೆ ಪವರ್ ಕೊಟ್ಟರೆ ಪರದೆ ತುಂಬ ಪ್ರಶ್ನಾರ್ಥಕ ಚಿಹ್ನೆ, ಕಸ. ಸ್ಪೀಡ್ ಹೇಳದಿದ್ದರೆ ಸ್ಕ್ರೀನ್ 9600 ಅಂತ ಹಿಡಿಯುತ್ತೆ, ಪೈ ಮಾತಾಡೋದು 115200ರಲ್ಲಿ. ಅವನು ಆ ನಂಬರ್ ಸೇರಿಸಿ ಮತ್ತೆ ಎಂಟರ್ ಒತ್ತಿದ.

ಸಾಲು ಮೇಲೆ ಸಾಲು ಬಂತು. ಬೋರ್ಡ್ ಜೀವಂತವಾಗಿತ್ತು! ಲಿನಕ್ಸ್ ವರ್ಷನ್, ಮೆಮೊರಿ, ಎಸ್‌ಡಿ ಕಾರ್ಡ್ ಎಲ್ಲ ಸರಸರ ಹರಿದು ಒಂದೇ ಕಡೆ ನಿಂತವು: ರೂಟ್ ಡಿವೈಸಿಗೆ ಕಾಯ್ತಿದ್ದೀನಿ, ಅದರ ಪಾರ್ಟ್‌ಯುಯುಐಡಿ ಇಂಥದ್ದು.

ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಹಳೇ 16 ಜಿಬಿ ಕಾರ್ಡಿನಿಂದ ಹೊಸ 32 ಜಿಬಿ ಕಾರ್ಡಿಗೆ ಪಾರ್ಟಿಷನ್ ಮಾಡಿ ಫೈಲು ಕಾಪಿ ಮಾಡಿದ್ದು ನಾವು ಮೂವರು, ರಾತ್ರಿ ಊಟ ಆದಮೇಲೆ. ಹೊಸ ಪಾರ್ಟಿಷನ್ನಿಗೆ ಹೊಸ ಐಡಿ. ಬೂಟ್ ಫೈಲು ಪಾಪ ಹಳೇ ಐಡಿಯನ್ನೇ ಹುಡುಕ್ತಾ ಕೂತಿತ್ತು.

ಅವನು ಏನೂ ಅನ್ನಲಿಲ್ಲ. ಹೊಸ ಐಡಿಯನ್ನು ಕಮಾಂಡ್‌ಲೈನ್ ಫೈಲಿನಲ್ಲೂ ಎಫ್‌ಎಸ್‌ಟ್ಯಾಬ್‌ನಲ್ಲೂ ಬರೆದ. ಎರಡೂ ಕಾಲಿಗೆ ಲಾಗಿನ್ ಬಂತು.

"ಸಾರಿ ಕಣೋ" ಅಂದೆವು.

"ಬೆಳಿಗ್ಗೆ ಮಸಾಲೆ ದೋಸೆ ನಿಮ್ದು," ಅಂದ. "ಎರಡು."