ಎಮ್ಮೆಂಟಾಲ್‌ ಕಣಿವೆಯಲ್ಲಿ ರೋಷ್ಟಿ ಬೇಯುವ ಹೊತ್ತು

ಜನವರಿ ತಿಂಗಳು, ಬೆಳಗಿನ ಆರು ಗಂಟೆ. ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತ್ಯದ ಎಮ್ಮೆಂಟಾಲ್ ಕಣಿವೆಯಲ್ಲಿ ಬೆಳಕು ಹರಿಯಲು ಇನ್ನೂ ಎರಡು ಗಂಟೆಯಿದೆ. ನೀವು ನಿಂತಿರುವುದು ಹಳೆಯ ರೈತರ ಮನೆಯೊಂದರ ಅಡುಗೆಮನೆಯಲ್ಲಿ. ಸೂರು ನೆಲದವರೆಗೂ ಇಳಿಬಿದ್ದಿದೆ. ಜನಕ್ಕೂ ದನಕ್ಕೂ ಅದೊಂದೇ ಸೂರು. ಗೋಡೆಯಾಚೆ ಹಾಲು ಕರೆಯುವ ಯಂತ್ರದ ಸದ್ದು. ಆ ಹಾಲು ಊರಿನ ಚೀಸ್ ಮನೆಗೆ ಹೋಗಬೇಕು. ದೊಡ್ಡ ತೂತುಗಳ ಎಮ್ಮೆಂಟಾಲ್ ಚೀಸ್ ಒಂದು ಕಿಲೋ ಆಗಬೇಕಾದರೆ ಸುಮಾರು 12 ಲೀಟರ್ ಹಾಲು ಬೇಕು. ಕೊಟ್ಟಿಗೆಯ ಕೆಲಸ ಮುಗಿಸಿ ಬರುವವರ ಹಸಿವು ಬ್ರೆಡ್ಡಿನ ಎರಡು ತುಂಡಿಗೆ ಅಡಗುವಂಥದ್ದಲ್ಲ. ಅವರಿಗೆ ಆಲೂಗಡ್ಡೆ ತುರಿದು ಬಾಣಲೆಯಲ್ಲಿ ಬೇಯಿಸುವ ರೋಷ್ಟಿಯೇ ಆಗಬೇಕು.

ಮನೆಯಾಕೆ ನೆಲಮಾಳಿಗೆಯಿಂದ ಪಾತ್ರೆ ತಂದು ನಿಮ್ಮ ಮುಂದಿಡುತ್ತಾರೆ. ಒಳಗೆ ಸಿಪ್ಪೆಸಮೇತ ಬೇಯಿಸಿದ ಆಲೂಗಡ್ಡೆ, ಸುಮಾರು ಒಂದು ಕಿಲೋ. ಬೇಯಿಸಿದ್ದು ನಿನ್ನೆ. ಮುಟ್ಟಿ ನೋಡಿ: ತಣ್ಣಗಿದೆ, ಒತ್ತಿದರೆ ಜಗ್ಗುವುದಿಲ್ಲ. ಈಗಷ್ಟೇ ಬೆಂದ ಆಲೂಗಡ್ಡೆಯನ್ನು ತುರಿದರೆ ಮುದ್ದೆಯಾಗುತ್ತದೆ. ರಾತ್ರಿಯಿಡೀ ತಣ್ಣಗಿದ್ದರೆ ಬೆಂದ ಪಿಷ್ಟ ಮತ್ತೆ ಬಿಗಿದುಕೊಂಡು ಗಟ್ಟಿಯಾಗುತ್ತದೆ. ಬೆಂದರೂ ಒಡೆಯದ, ಬಿಗಿ ತಿರುಳಿನ ಗಡ್ಡೆಯನ್ನೇ ಇವರು ಆರಿಸಿಕೊಳ್ಳುವುದೂ ಇದಕ್ಕಾಗಿಯೇ.

ಸಿಪ್ಪೆ ಉಗುರಿಗೆ ಸಿಕ್ಕಿ ತೆಳ್ಳಗೆ ಸುಲಿದು ಬರುತ್ತದೆ. ದೊಡ್ಡ ಕಣ್ಣಿನ ತುರಿಮಣೆಯ ಮೇಲೆ ಗಡ್ಡೆಯನ್ನು ಉದ್ದಕ್ಕೆ ಹಿಡಿದು ಒಂದೇ ದಿಕ್ಕಿಗೆ ಎಳೆಯಿರಿ. ಉದ್ದುದ್ದ ಎಳೆಗಳು ಒಂದರ ಮೇಲೊಂದು ಬೀಳುತ್ತವೆ, ಅಂಟಿಕೊಳ್ಳುವುದಿಲ್ಲ. ಚಳಿಗಾಲವಾದ್ದರಿಂದ ನೆಲಮಾಳಿಗೆಯಲ್ಲಿ ಕ್ಯಾರೆಟ್ಟೂ ಸೆಲೆರಿ ಗಡ್ಡೆಯೂ ಇವೆ. ಅವೆರಡನ್ನೂ ಹಸಿಯಾಗಿಯೇ ತುರಿದು, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತೀರಿ. ಕಿತ್ತಳೆ ಬಣ್ಣದ ನೀರು ಬೆರಳ ಸಂದಿಯಿಂದ ಬಟ್ಟಲಿಗೆ ಇಳಿಯುತ್ತದೆ. ಇನ್ನು ಬಾರದು ಎನ್ನಿಸಿದ ಮೇಲೂ ಒಮ್ಮೆ ಹಿಂಡಿ. ನೀರು ಉಳಿದರೆ ಬಾಣಲೆಯ ಶಾಖವೆಲ್ಲ ಅದನ್ನು ಆವಿಮಾಡುವುದಕ್ಕೇ ಖರ್ಚಾಗುತ್ತದೆ. ತೇವ ಇರುವಷ್ಟು ಹೊತ್ತು ಮೇಲ್ಮೈಯ ಬಿಸಿ 100 ಡಿಗ್ರಿ ದಾಟದು; ಚೆನ್ನಾಗಿ ಕೆಂಪಗಾಗಲು ಸುಮಾರು 140 ಡಿಗ್ರಿಯಾದರೂ ಬೇಕು.

ಬೀಡಿನ ಬಾಣಲೆ ಒಲೆಯ ಮೇಲಿದೆ. ಮನೆಯಾಕೆ ಅದಕ್ಕೆ ಬ್ರಾಟ್‌ಬುಟರ್ ಹಾಕುತ್ತಾರೆ. ಮೂಗಿಗೆ ಗುರುತಿನ ಪರಿಮಳ: ಬೆಣ್ಣೆ ಕಾಯಿಸಿ ನೀರನ್ನೂ ಚರಟವನ್ನೂ ತೆಗೆದದ್ದು, ಅಂದರೆ ನಮ್ಮ ತುಪ್ಪವೇ. ಹಸಿ ಬೆಣ್ಣೆಯಾದರೆ ಇಷ್ಟು ಕಾವಿಗೆ ಸೀದುಹೋಗುತ್ತದೆ. ತುರಿ ಬಿದ್ದ ಕೂಡಲೇ ಚುಂಯ್ ಎನ್ನುತ್ತದೆ. ಉಪ್ಪು ಹಾಕಿ, ಐದು ನಿಮಿಷ ಮೇಲೆ ಕೆಳಗೆ ಮಾಡಿ, ಎಳೆ ಎಳೆಗೂ ತುಪ್ಪ ತಾಗಿಸಿ. ಆಮೇಲೆ ಸಟ್ಟುಗದಿಂದ ಅಂಚನ್ನು ಒಳಕ್ಕೆ ಒತ್ತುತ್ತಾ ದುಂಡಗೆ ಮಾಡಿ, ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ. ಅಂಟಿಗೆಂದು ಮೊಟ್ಟೆಯಿಲ್ಲ, ಹಿಟ್ಟಿಲ್ಲ. ಹಿಡಿದಿಡುವುದು ಆಲೂಗಡ್ಡೆಯದೇ ಪಿಷ್ಟ.

ನಿಮ್ಮ ಕೈ ಮತ್ತೆ ಸಟ್ಟುಗದತ್ತ ಹೋಗುತ್ತದೆ. “ಮುಟ್ಟಬೇಡಿ,” ಎನ್ನುತ್ತಾರೆ ಮನೆಯಾಕೆ, “ಹದಿನೈದು ನಿಮಿಷ ಅದರ ಪಾಡಿಗೆ ಬಿಡಿ.”

ಆ ಹದಿನೈದು ನಿಮಿಷ ಗೂಡೊಲೆಗೆ ಆತು ಕಟ್ಟಿದ ಬೆಚ್ಚನೆಯ ಜಗಲಿಯ ಮೇಲೆ ಕೂತುಕೊಳ್ಳಿ. ಹಿಂದೆ ಇಲ್ಲಿ ಬೆಳಗಿನ ಊಟವೆಂದರೆ ಓಟ್ಸಿನಂಥ ಧಾನ್ಯದ ಗಂಜಿ. 18ನೆಯ ಶತಮಾನದಲ್ಲಿ ಆಲೂಗಡ್ಡೆ ಹರಡಿದ ಮೇಲೆ ಗಂಜಿಯ ಜಾಗಕ್ಕೆ ಕ್ರಮೇಣ ರೋಷ್ಟಿ ಬಂತು. ಬಾಣಲೆಯನ್ನೇ ಮೇಜಿನ ನಡುವೆ ಇಟ್ಟು, ಸುತ್ತ ಕೂತವರು ತಮ್ಮ ತಮ್ಮ ಚಮಚದಿಂದ ತಮ್ಮ ಕಡೆಯಿಂದ ತಿಂದುಕೊಂಡು ಬರುತ್ತಿದ್ದರು. ಜೊತೆಗೆ ಹಾಲು ಬೆರೆಸಿದ ಕಾಫಿ. 1845ರ ಸುಮಾರಿಗೆ ಯುರೋಪಿನ ಆಲೂಗಡ್ಡೆ ಹೊಲಗಳಿಗೆ ಅಂಗಮಾರಿ ರೋಗ ಬಿದ್ದಾಗ ಈ ಕಣಿವೆಯ ಬಡವರೂ ನಡುಗಿದರು. ಇಲ್ಲಿನ ಲುಟ್ಸೆಲ್‌ಫ್ಲೂ ಗ್ರಾಮದ ಪಾದ್ರಿಯಾಗಿದ್ದ ಕಾದಂಬರಿಕಾರ ಯೆರೆಮಿಯಾಸ್ ಗೊಟ್‌ಹೆಲ್ಫ್ 1847ರಲ್ಲಿ ಆ ಸಂಕಟವನ್ನೇ ವಸ್ತುವಾಗಿಸಿ ಕಾದಂಬರಿ ಬರೆದರು. ರೈತರ ಹೊಟ್ಟೆ ತುಂಬಿಸಿದ ಇದೇ ತಿಂಡಿ ಇಂದು ಸ್ವಿಸ್ ಹೋಟೆಲುಗಳಲ್ಲಿ ಮಧ್ಯಾಹ್ನ, ರಾತ್ರಿಯ ಊಟಕ್ಕೂ ಬಡಿಸುವ ದೇಶದ ತಿನಿಸಾಗಿದೆ.

ಬಾಣಲೆಯ ಸದ್ದು ಬದಲಾಗಿದೆ. ಮೊದಲಿನ ಒದ್ದೆ ಚುಂಯ್ ಹೋಗಿ ಸಣ್ಣಗೆ ಚಟಪಟ ಕೇಳುತ್ತಿದೆ. ಅಂಚು ಹೊಂಬಣ್ಣಕ್ಕೆ ತಿರುಗಿ ಬಾಣಲೆಯಿಂದ ಬಿಟ್ಟುಕೊಂಡಿದೆ, ಹದವಾಗಿ ಬೆಂದ ಅಕ್ಕಿರೊಟ್ಟಿ ಕಾವಲಿ ಬಿಡುವ ಹಾಗೆ. ಅಗಲ ತಟ್ಟೆ ಕವುಚಿ, ಬಟ್ಟೆ ಹಿಡಿದು, ಅಳುಕದೆ ಒಂದೇ ಸಲಕ್ಕೆ ಮಗುಚಿ. ತಟ್ಟೆಯ ಮೇಲೆ ಕೆಂಪು ಕವಚ. ಕ್ಯಾರೆಟ್ಟಿನ ಎಳೆಗಳು ಒಂದು ಛಾಯೆ ಹೆಚ್ಚೇ ಕಪ್ಪಾಗಿವೆ, ಅದರಲ್ಲಿ ಸಕ್ಕರೆ ಹೆಚ್ಚು. ಬಾಣಲೆಗೆ ಇನ್ನಷ್ಟು ತುಪ್ಪ ಬಿಟ್ಟು ಮೆಲ್ಲನೆ ಜಾರಿಸಿ. ಈ ಸಲ ಮುಚ್ಚಳ ಬೇಡ, ಹತ್ತು ನಿಮಿಷ ಸಾಕು.

ಕೊಟ್ಟಿಗೆಯ ಬಾಗಿಲು ತೆರೆಯುತ್ತದೆ. ಕೈ ತೊಳೆದ ಮೂವರು ಮೇಜಿನ ಸುತ್ತ ಕೂರುತ್ತಾರೆ. ಚಾಕು ಇಳಿದಾಗ ಕವಚ ಕರುಂ ಎಂದು ಒಡೆಯುತ್ತದೆ. ಒಳಗೆ ಮೆತ್ತಗೆ, ಬಿಸಿಬಿಸಿ, ಗಡ್ಡೆಯ ಸಿಹಿ. ಮಾತಿಲ್ಲದೆ ಮೊದಲ ತುಂಡು ಮುಗಿಯುತ್ತದೆ.

ಇದಕ್ಕೆ ಬೇಕಾದದ್ದೆಲ್ಲ ನಿಮ್ಮ ಮನೆಯಲ್ಲೇ ಇದೆ: ಆಲೂಗಡ್ಡೆ, ಕ್ಯಾರೆಟ್, ಉಪ್ಪು, ತುಪ್ಪ, ದಪ್ಪ ತಳದ ಒಂದು ಬಾಣಲೆ. ಭಾನುವಾರದ ತಿಂಡಿಗೆ ಮಾಡುವುದಾದರೆ ಶನಿವಾರ ಸಂಜೆಯೇ ಆಲೂಗಡ್ಡೆ ಬೇಯಿಸಿಡಿ.